ಗೋಡೆಯ ಮೇಲಿನ ಪದಕ

“ಓಡಿಹೋದವನ ಕೊಂಬೆ ನನ್ನ ಮರದಲ್ಲಿ ಬೇಡ ಕಣೋ. ಹೋಗು, ನಿನ್ನ ಪಂಕ್ಚರ್ ಅಂಗಡಿ ಗೋಡೆ ಮೇಲೆ ಬರೆಸ್ಕೋ!”

ದೊಡ್ಡಪ್ಪ, ಅಂದರೆ ಅಪ್ಪನ ದಾಯಾದಿ ಅಣ್ಣ, ನನಗೆ ಇದನ್ನಂದದ್ದು ಹಜಾರದ ತುಂಬ ನೆಂಟರಿದ್ದಾಗ. ಬೋರ್ಡಿನ ಮೇಲೆ ವಂಶವೃಕ್ಷ ಬರೆಯುತ್ತಿದ್ದ ಪೇಂಟರ್ ಕೂಡ ಏಣಿ ಮೇಲಿಂದ ಕಿಸಕ್ಕೆಂದ. ನನ್ನಪ್ಪ ತಲೆ ತಗ್ಗಿಸಿ ಕೂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಅಣ್ಣತಮ್ಮ ಇಬ್ಬರು. ಅಣ್ಣ, ಅಂದರೆ ದೊಡ್ಡಪ್ಪನ ತಾತ, ಯುದ್ಧಕ್ಕೆ ಹೋಗಿ ಪದಕ ತಂದ. ತಮ್ಮ, ನನ್ನ ಮುತ್ತಾತ, ಸೈನ್ಯಕ್ಕೆ ಹೆದರಿ ಮನೆಬಿಟ್ಟು ಓಡಿದ. ಎಲ್ಲ ಮುಗಿದ ಮೇಲೆ ಕುಂಟುತ್ತ ವಾಪಸು ಬಂದ. ಕುಂಟುತ್ತ! ಅಡಗಿ ಕೂತವನ ಕಾಲಿಗೆ ಏನಾಗಿತ್ತು ಅಂತ ಒಬ್ಬರಾದರೂ ಕೇಳಿದರಾ?

ನಾನು ಕೇಳಿದೆ. ಅರ್ಧಕ್ಕೇ ಶಾಲೆ ಬಿಟ್ಟವನು, ಅಂಗಡಿ ಮುಚ್ಚಿ ಮುಚ್ಚಿ ಹಳೇ ದಾಖಲೆಗಳ ಕಚೇರಿಗೆ ಅಲೆದೆ. ಅಲ್ಲಿನ ಅಕ್ಕ, “ಗ್ರೀಸ್ ಕೈಲಿ ಮುಟ್ಟಬೇಡಪ್ಪ” ಎಂದು ಗದರಿ, ತಾನೇ ಹಾಳೆ ತಿರುಗಿಸಿದಳು. ಸೈನ್ಯದ ಪಟ್ಟಿಯಲ್ಲಿ ಅಣ್ಣನ ಹೆಸರು: ಮೊಣಕಾಲಿಗೆ ಗುಂಡು. ಅದೇ ವರ್ಷದ ಜನಗಣತಿಯಲ್ಲೂ ಅಣ್ಣ: ಮನೆಯಲ್ಲೇ, ಹೆಂಡತಿ ಜೊತೆ, ಕಸುಬು ಬಡಗಿ. ಮನೆಯಲ್ಲಿ ಇಲ್ಲದವನು ತಮ್ಮ.

“ಒಬ್ಬನೇ ಎರಡು ಕಡೆ ಇರೋಕೆ ಅವನೇನು ದೇವರಾ?” ಅಂದಳು ಅಕ್ಕ. “ವಯಸ್ಸು ಸಾಲದ ಹುಡುಗರು ಅಣ್ಣನ ಹೆಸರು ಹೇಳಿ ಸೇರ್ಕೊಳ್ತಿದ್ರು. ಗೊತ್ತಾದ್ರೆ ಜೈಲು. ಅದಕ್ಕೇ ಆಮೇಲೂ ಬಾಯಿ ಬಿಡ್ತಿರ್ಲಿಲ್ಲ.”

ಪದಕ ಅಂಚೆಯಲ್ಲಿ ಅಣ್ಣನ ಹೆಸರಿಗೇ ಬಂತು. ಆ ಮಹಾಶಯ ಊರು ಬಿಟ್ಟು, ಗುರುತಿನವರಿಲ್ಲದ ಈ ಪೇಟೆಗೆ ಬಂದು ಅದನ್ನು ಗೋಡೆಗೆ ತೂಗುಹಾಕಿದ. ಗುಂಡು ತಿಂದವನು ಸಾಯೋವರೆಗೂ ಹೇಡಿ ಅನ್ನಿಸಿಕೊಂಡ.

ಬೋರ್ಡು ಮುಗಿಯುವ ದಿನ ಆ ಎರಡು ಹಾಳೆಗಳ ನಕಲುಗಳನ್ನು ದೊಡ್ಡಪ್ಪನ ಕೈಗಿಟ್ಟೆ. ಅದೇ ನೆಂಟರು, ಅದೇ ಪೇಂಟರ್.

“ನಿಮ್ಮ ತಾತ ಕುಂಟುತ್ತಿದ್ದರಾ ದೊಡ್ಡಪ್ಪ?”

“ಅಯ್ಯೋ, ಕುಂಟೋದಾ!” ಒಳಗಿನಿಂದ ದೊಡ್ಡಮ್ಮ ಕೂಗಿಬಿಟ್ಟರು. “ಆ ವಯಸ್ಸಲ್ಲೂ ದಡದಡ ಮಹಡಿ ಹತ್ತೋರು!”

ಪೇಂಟರ್ ಈ ಸಲ ಕಿಸಕ್ಕೆನ್ನಲಿಲ್ಲ. ದೊಡ್ಡಪ್ಪ ಓದಿದರು. ಇಂಗು ತಿಂದ ಮಂಗನ ಮುಖ. ಆಮೇಲೆ ಕಾಗದ ಮಡಚಿ ತಮ್ಮ ಜೇಬಿಗೇ ಸೇರಿಸಿದರು.

“ಆಯ್ತು ಬಿಡೋ. ಕೆಳಗೆ ಮೂಲೇಲಿ ನಿಮಗೂ ಒಂದು ಸಣ್ಣ ಕೊಂಬೆ ಬರೆಸೋಣ. ಪದಕದ ಮಾತು ಮಾತ್ರ ಎತ್ತಬೇಡ.”

ಸಣ್ಣ ಕೊಂಬೆಯಂತೆ! ಮೂಲೆಯಲ್ಲಂತೆ!

ತಿರುಗಿ ನೋಡಿದರೆ ಅಪ್ಪ ಎದ್ದು ನಿಂತಿದ್ದ, ತಲೆಯೆತ್ತಿ.

“ಏನೋ, ಒಪ್ಪಿಗೆ ತಾನೇ? ಬಾಯಿ ಬಿಡೋ!” ದೊಡ್ಡಪ್ಪ ನನ್ನನ್ನು ಕೇಳುತ್ತಲೇ ಇದ್ದರು.

ಬಾಗಿಲಲ್ಲಿದ್ದ ರಾಶಿಯಲ್ಲಿ ಅಪ್ಪನ ಚಪ್ಪಲಿ ಹುಡುಕಿ ಅವನ ಕಾಲ ಬಳಿ ಇಟ್ಟೆ, ಇಬ್ಬರೂ ಮೆಟ್ಟಿಲಿಳಿದು ನಡೆದೆವು.