ಫ್ಲೆಕ್ಸಿನಲ್ಲಿದ್ದ ಮುಖ

ಫ್ಲೆಕ್ಸ್ ಅಂಗಡಿಯ ಸಂತೋಷ ಕಂಪ್ಯೂಟರಿನಲ್ಲಿ ನನ್ನ ಮುಖಕ್ಕೆ ಇಸ್ತ್ರಿ ಹೊಡೆದುಬಿಟ್ಟಿದ್ದ. ಗಲ್ಲದ ಕೆಳಗೆ ಜೋಲುತ್ತಿದ್ದ ಚರ್ಮ ಮಾಯ, ಬಾಯಿಯ ಅಕ್ಕಪಕ್ಕದ ಗೆರೆ ಮಾಯ, ಬಣ್ಣವಂತೂ ಹಾಲು. ಐವತ್ತೆಂಟು ದಾಟಿದ ಪುಟ್ಟಸ್ವಾಮಿಯಾದ ನಾನು ಮದುಮಗನ ಹಾಗೆ ಕೈಮುಗಿದು ನಿಂತಿದ್ದೆ. ಅದು ನಮ್ಮೂರ ಹಾಲಿನ ಡೈರಿ ಎಲೆಕ್ಷನ್ನಿಗೆ ಮಾಡಿಸಿದ ಫ್ಲೆಕ್ಸು. ಇಷ್ಟು ವರ್ಷ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ನನ್ನ ಬೆನ್ನು ಅದಕ್ಕೇ ಒಗ್ಗಿಹೋಗಿತ್ತು. ಈ ಸಲ ಎದುರಿಗೆ ನಿಂತವನು ನನ್ನ ಅಣ್ಣನ ಮಗ ದಿಲೀಪ, ಎಳೇ ಪ್ರಾಯ. ಸೋತರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಷ್ಟು ಭಯ.

ಡೈರಿ ಮುಂದೆ ಕಟ್ಟಿದ ಫ್ಲೆಕ್ಸನ್ನು ನಮ್ಮ ಬೀದಿಯ ಬೈರಮ್ಮ ಹಾಲಿನ ಕ್ಯಾನು ಸೊಂಟಕ್ಕಿಟ್ಟುಕೊಂಡು ಬಹಳ ಹೊತ್ತು ನೋಡಿ, ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ತಿರುಗಿದಳು.

“ಯಾರ್ಲಾ ಈ ಉಡ್ಗ? ಚೆಂದಾಗವ್ನೆ. ನಿನ್ನ ಬುಟ್ಟು ಈ ಸಲ ಇವ್ನಿಗೇ ಓಟ್ ಆಕ್ಬುಡಾನಾ?”

“ಬೈರಕ್ಕೋ, ಅದು ನಾನೇ ಕಣಕ್ಕ!”

ಅವಳು ಫ್ಲೆಕ್ಸು ನೋಡಿದಳು, ನನ್ನನ್ನು ನೋಡಿದಳು. “ಬುಡ್ಲಾ, ಸುಳ್ಳೇಳ್ಬೇಡ” ಅಂದು ಹಾಲು ಅಳೆಸಲು ಒಳಗೆ ಹೋದಳು.

ಬುದ್ಧಿ ಇದ್ದವನಾಗಿದ್ದರೆ ಫ್ಲೆಕ್ಸು ಬದಲಾಯಿಸುತ್ತಿದ್ದ. ನಾನು ಮುಖ ಬದಲಾಯಿಸಲು ಹೊರಟೆ. ಗಂಜಾಂಗೆ, ನಿಮಿಷಾಂಬ ದೇವಿಯ ದರ್ಶನಕ್ಕೆ ಹೋಗುತ್ತೇನೆಂದು ಹೆಂಡತಿ ಯಶೋಧರಾಗೆ ಹೇಳಿ, ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಆಗಿದ್ದ ಚರ್ಮದ ಕ್ಲಿನಿಕ್ಕಿಗೆ ನುಗ್ಗಿದೆ. ನಮ್ಮೂರಿಗೆ ಹತ್ತಿರದ ನಾಗಮಂಗಲದಲ್ಲಾದರೆ ಗುರುತಿನವರು ಸಿಕ್ಕಿ ಮಾನ ಹರಾಜಾಗುತ್ತಿತ್ತು.

ಡಾಕ್ಟರು ಶ್ವೇತ ಅಂತ, ನನ್ನ ಮಗಳ ವಯಸ್ಸಿನವರು. ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೋ ತೋರಿಸಿ, ಎಲೆಕ್ಷನ್ ಹತ್ತಿರ ಬಂದಿದೆ, ಇದೇ ಥರ ಮಾಡಿಕೊಡಿ ಅಂದೆ. ಕಾಯಿಲೆ ಬಿದ್ದ ಹಸುವಿನ ತೊಗಲು ಎಳೆದು ನೋಡುವ ಹಾಗೆ ಅವರು ನನ್ನ ಕೆನ್ನೆ ಚಿವುಟಿ ಎಳೆದು ಬಿಟ್ಟರು. ಅದು ಆರಾಮಾಗಿ, ತನಗೆ ಇಷ್ಟ ಬಂದಾಗ ವಾಪಸ್ಸು ಹೋಯಿತು.

“ನೋಡಿ ಸಾರ್, ಮೂವತ್ತು ನಲವತ್ತರಲ್ಲಿ ಚರ್ಮ ಸ್ವಲ್ಪ ಸಡಿಲ ಆದಾಗ ಮಿಷನ್ನಿಂದ ಶಾಖ ಕೊಟ್ಟರೆ ಬಿಗಿ ಬರುತ್ತೆ, ಅದೂ ನಿಧಾನಕ್ಕೆ. ಇನ್ನು ಕೆಲವರಿಗೆ ಚರ್ಮದೊಳಗೆ ದಾರ ಹಾಕಿ ಎತ್ತುತ್ತೀವಿ. ನಿಮ್ಮದು ದಪ್ಪ ಚರ್ಮ, ಬಿಸಿಲಲ್ಲಿ ಬೆಂದಿದೆ, ಜೋತಿರೋದೂ ಜಾಸ್ತಿ. ದಾರ ಅಷ್ಟೇನೂ ಎತ್ತಲ್ಲ. ಚೆನ್ನಾಗಿ ಎತ್ತಬೇಕು ಅಂದ್ರೆ ಆಪರೇಷನ್ನೇ ಆಗಬೇಕು. ಅದೆಲ್ಲ ಯಾಕೆ? ಬಿಸಿಲಿಗೆ ಕ್ರೀಮ್ ಹಚ್ಚಿ, ಟೋಪಿ ಹಾಕಿ, ನೆಮ್ಮದಿಯಾಗಿರಿ.”

“ದಾರ ಹಾಕಿ ಮೇಡಂ” ಅಂದೆ. ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದಿದ್ದು ಅದೊಂದೇ.

“ಹಾಕಿದ್ರೆ ಎರಡು ಮೂರು ವಾರ ಬಾಯಿ ಅಗಲ ತೆರೀಬಾರದು. ಜೋರಾಗಿ ನಗಬಾರದು, ಕೂಗಬಾರದು, ಗಟ್ಟಿ ಪದಾರ್ಥ ಅಗೀಬಾರದು. ನೀವು ಏನು ಕೆಲಸ ಮಾಡ್ತೀರಿ?”

“ಡೈರಿ ಅಧ್ಯಕ್ಷ.”

“ಅಂದ್ರೆ, ಏನು ಮಾಡಬೇಕು?”

“ನಗೋದು, ಕೂಗೋದು.”

“ಹಾಗಾದ್ರೆ ಎಲೆಕ್ಷನ್ ಮುಗಿಸ್ಕೊಂಡು ಬನ್ನಿ ಸಾರ್.”

ಎಲೆಕ್ಷನ್ ಮುಗಿದ ಮೇಲೆ ಮುಖ ಕಟ್ಟಿಕೊಂಡು ಏನು ಮಾಡಲಿ? ಹಟ ಹಿಡಿದೆ. ಬೇಡ ಬೇಡ ಎಂದು ಹೇಳಿ ಸಾಕಾಗಿ ಅವರು ಹಾಕಿದರು.

ಮನೆಗೆ ಬಂದಾಗ ಕೆನ್ನೆ ಎರಡೂ ಊದಿದ್ದವು, ಬಾಯಿಯ ತುದಿಗಳು ಮೇಲಕ್ಕೆ ಎಳೆದುಕೊಂಡಿದ್ದವು. “ಇದೇನು, ನಿಮಿಷಾಂಬ ಕೆನ್ನೆಗೆ ಬಾರಿಸ್ಬುಟ್ಲಾ?” ಅಂದಳು ಯಶೋಧರಾ. ಹಲ್ಲು ಕೀಳಿಸಿದೆ ಅಂದೆ. ಊರಿಗೆಲ್ಲ ಅದನ್ನೇ ಹೇಳಿದೆ. ಮುದ್ದೆಗೆ ತೊಂದರೆಯಾಗಲಿಲ್ಲ, ಅದನ್ನು ಯಾರು ಅಗಿಯುತ್ತಾರೆ? ತೊಂದರೆಯಾಗಿದ್ದು ಓಟು ಕೇಳುವುದಕ್ಕೆ. ಮನೆಮನೆಯ ಬಾಗಿಲಲ್ಲಿ ಕೈಮುಗಿದು, ತುಟಿ ಬಿಚ್ಚದೆ, ಗೊಂಬೆಯ ಹಾಗೆ ತಲೆಯಾಡಿಸಿಕೊಂಡು ಬಂದೆ. ದಿಲೀಪ ನನ್ನ ಹಿಂದೆಯೇ ಹೋಗಿ ಇದ್ದಬದ್ದ ಹಲ್ಲನ್ನೆಲ್ಲ ಬಿಟ್ಟು ನಕ್ಕು ಬರುತ್ತಿದ್ದ.

“ಅಧ್ಯಕ್ಷರಿಗೆ ಕೊಬ್ಬು ಬಂದ್ಬುಟ್ಟದೆ ಕಣ್ರಲಾ. ಬಾಯ್ ಬುಟ್ರೆ ಮುತ್ತುದುರೋಯ್ತದಾ?” ಅಂದವನು ರಂಗಸ್ವಾಮಿ, ನನ್ನ ಕಡೆಯವನೇ. ಕುರ್ಚಿ ಕೈಬಿಟ್ಟಿತು ಅಂತ ಅವತ್ತೇ ನನಗೆ ಅನ್ನಿಸಿಬಿಟ್ಟಿತು.

ಎಲೆಕ್ಷನ್ನಿಗೆ ಎರಡು ದಿನ ಇದೆ ಅನ್ನುವಾಗ ಬೈರಮ್ಮನ ಸೀಮೆಹಸು ಗೌರಿ ಸತ್ತುಹೋಯಿತು. ಗಂಡನಿಲ್ಲದ ಹೆಂಗಸು, ಅವಳಿಗಿದ್ದದ್ದು ಅದೊಂದೇ ಹಸು. ಕೊಟ್ಟಿಗೆ ಮುಂದೆ ಅರ್ಧ ಊರು ಸೇರಿತ್ತು. ಹಸುವನ್ನು ಸಾಗಿಸಲು ದಿಲೀಪ ಆಗಲೇ ಹಗ್ಗ ತಂದು ನಿಂತಿದ್ದ. ಬೈರಮ್ಮ ಗೌರಿಯ ಕೊರಳ ಮೇಲೆ ಕೈಯಿಟ್ಟು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

“ನಗ್ತಾ ಇದ್ದೀಯಲ್ಲಾ ಪುಟ್ಸಾಮಿ. ನನ್ ಗೌರಿ ಸತ್ತವ್ಳೆ ಕಣ್ಲಾ.”

“ಅಯ್ಯೋ, ಇಲ್ಲ ಕಣಕ್ಕಾ!” ಎಂದು ಗಾಬರಿಯಲ್ಲಿ ಬಾಯಿ ಅಗಲ ತೆರೆದೆ. ಎಡಗೆನ್ನೆಯೊಳಗೆ ಏನೋ ಚಟ್ಟನೆ ಕಿತ್ತುಕೊಂಡಿತು. ಕಣ್ಣಿಗೆ ಕತ್ತಲೆ ಬಂತು. ಅಯ್ಯಯ್ಯಪ್ಪಾ, ಆ ನೋವು ನನ್ನ ಶತ್ರುವಿಗೂ ಬೇಡ! ಕೆನ್ನೆ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಅವ್ವಾ, ಸತ್ತೆನಲ್ಲವ್ವಾ ಎಂದು ಹೊರಳಾಡಿದೆ. ಹೊರಳಾಡುತ್ತಾ ಹಸುವಿನ ಹೊಟ್ಟೆಯ ಮೇಲೆಯೇ ಬಿದ್ದೆ.

ಊರಿನ ಕಣ್ಣಿಗೆ ಕಂಡಿದ್ದೇ ಬೇರೆ. ಬೈರಮ್ಮನ ಹಸು ಸತ್ತಿದ್ದಕ್ಕೆ ಅಧ್ಯಕ್ಷರು ಬಿದ್ದು ಹೊರಳಾಡಿ ಅಳುತ್ತಿದ್ದಾರೆ! ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದರು. ಗಂಡಸರು ಕಣ್ಣೊರೆಸಿಕೊಂಡರು. “ನಾವು ತಪ್ಪು ತಿಳ್ಕಂಡ್ಬುಟ್ವಿ ಕಣ್ರಪ್ಪ, ಪಾಪ, ಮನ್ಸು ಬಲೇ ಮೆತ್ತಗೆ” ಎನ್ನುತ್ತಾ ರಂಗಸ್ವಾಮಿ ನನ್ನನ್ನು ಎತ್ತಿ ಕೂರಿಸಿದ. ದಿಲೀಪ ಹಗ್ಗ ಕೆಳಗಿಟ್ಟು ಬಂದು ಬೆನ್ನು ಸವರಿದ. “ಚಿಕ್ಕಪ್ಪ, ಸಮಾಧಾನ ಮಾಡ್ಕಳಿ.” ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾಗಿ ಇನ್ನೊಂದು ಸುತ್ತು ಜೋರಾಗಿ ಅತ್ತೆ.

ಗೆದ್ದೆ. ದಿಲೀಪನ ಮನೆಯವರೇ ನನಗೆ ಓಟು ಹಾಕಿದರಂತೆ. ಪಟಾಕಿ ಹೊಡೆದರು, ಹಾರ ಹಾಕಿದರು. ಒಂದು ಕೆನ್ನೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಇಟ್ಟುಕೊಂಡು ನಾನು ಡೈರಿಯೊಳಗೆ ನನ್ನ ಕುರ್ಚಿಯಲ್ಲಿ ಕೂತೆ. ಜನ ಕರಗಿದ ಮೇಲೆ ಬೈರಮ್ಮ ಬಂದಳು. ಹತ್ತಿರ ನಿಂತು ನನ್ನ ಎಡಗೆನ್ನೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ನಾನು ಮುಲುಗಿದೆ.

“ಅವತ್ತು ಇದ್ಕೇ ಅಲ್ವಲಾ ನೀನು ಅತ್ತಿದ್ದು?”

ಒಂದು ಒಳ್ಳೇ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. “ಊಂ ಕಣಕ್ಕ.”

“ನಂಗೊತ್ತಿತ್ತು ಬುಡು. ಗೌರಿ ಮ್ಯಾಲೆ ಬಿದ್ದಾಗ್ಲೂ ಕೆನ್ನೆ ಮ್ಯಾಗಿನ್ ಕೈ ತಗೀನಿಲ್ಲ ನೀನು.”

“ಮತ್ಯಾಕೆ ಯಾರ್ಗೂ ಏಳ್ನಿಲ್ಲ?”

“ಒಂದು ಹಸ ತಾನೇ ಸತ್ತಿರಾದು ಅಂದ್ಕಂಡು ಎಲ್ರೂ ಸುಮ್ಕೆ ನಿಂತಿದ್ರು. ನೀನು ಅತ್ಮೇಲೆ ಊರೆಲ್ಲ ಅತ್ತದೆ, ನನ್ ಗೌರಿಗೆ ಅಂತ. ನಿಜ ಏಳ್ಬುಟ್ಟು ಅದ್ನೂ ಯಾಕೆ ಕಳ್ಕಳ್ಲಿ?”

ಅಷ್ಟು ಹೇಳಿ ಅವಳು ಮನೆಯ ಕಡೆ ಹೊರಟುಹೋದಳು. ನನಗೆ ವಿಪರೀತ ನಾಚಿಕೆಯಾಯಿತು. ಕುರ್ಚಿಯಿಂದ ಎದ್ದು ನಿಂತೆ. ಮತ್ತೆ ಕೂರೋಣ ಅಂದರೆ ಮೈ ಬಗ್ಗಲಿಲ್ಲ.