ಮೇವಿಸ್ ನೆಟ್ಟ ಫ್ಲಾಕ್ಸ್

ಕತ್ತರಿ ಹಿಡಿದು ನಿಂತು ಬಹಳ ಹೊತ್ತಾಗಿದ್ದರೂ ಮೊದಲ ಕಾಂಡಕ್ಕೆ ಕೈಹಾಕುವ ಧೈರ್ಯ ಗ್ಲೆನಿಸ್‌ಗೆ ಬಂದಿರಲಿಲ್ಲ. ಫ್ಲಾಕ್ಸ್ ಹೂಗಿಡಗಳು ಆಗಲೇ ಅವಳ ಸೊಂಟದ ಹತ್ತಿರ ಬಂದಿದ್ದವು. ಮೇ ತಿಂಗಳ ಕೊನೆ, ಲಂಡನ್ನಿನಲ್ಲಿ ದೊಡ್ಡ ಹೂವಿನ ಪ್ರದರ್ಶನ ನಡೆಯುವ ವಾರ. ಆ ವಾರ ಎತ್ತರದ ಗಿಡಗಳ ತಲೆ ಹಾರಿಸಿದರೆ ಅವು ಕುಳ್ಳಗೆ, ಪೊದೆಯಾಗಿ ಬೆಳೆದು ತಡವಾಗಿ ಹೂ ಬಿಡುತ್ತವೆಂಬುದು ಅವಳ ತವರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಇದು ತವರಲ್ಲ. ಈ ಹೂವಿನ ಪಾತಿ ಮೇವಿಸ್‌ಳದು.

ಮೇವಿಸ್ ಎಂದರೆ ಟ್ರೆವರ್‌ನ ಮೊದಲ ಹೆಂಡತಿ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹೋದ ವರ್ಷ ಅವನನ್ನು ಮದುವೆಯಾಗಿ ಈ ಮನೆಗೆ ಬಂದ ಗ್ಲೆನಿಸ್ ಪರದೆ ಬದಲಿಸಿದಳು, ಸೋಫಾ ಬದಲಿಸಿದಳು, ಟ್ರೆವರ್ ತುಟಿ ಬಿಚ್ಚಲಿಲ್ಲ. ಹೂವಿನ ಪಾತಿಯ ಮಾತೆತ್ತಿದರೆ ಮಾತ್ರ, "ಅದು ಮೇವಿಸ್ ಹಾಕಿದ್ದು" ಎಂದು ಅಲ್ಲಿಗೆ ಮುಗಿಸುತ್ತಿದ್ದ. ಜುಲೈನಲ್ಲಿ ಆಳೆತ್ತರ ಬೆಳೆದು ದಾರಿಗೆ ಅಡ್ಡ ಬೀಳುವ ಆ ಗಿಡಗಳಿಗೆ ದಿನಾ ಸಂಜೆ ಬಿದಿರು ಕಡ್ಡಿ ಊರಿ, ಹುರಿ ಕಟ್ಟಿ, ರೋಗಿಯ ಆರೈಕೆ ಮಾಡಿದಂತೆ ಮಾಡುತ್ತಿದ್ದ.

"ಏನ್ ಗ್ಲೆನಿಸ್, ಗಿಡಗಳಿಗೆ ಪ್ರಾರ್ಥನೆ ಹೇಳಿಕೊಡ್ತಿದ್ದೀಯಾ?" ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕಿ ಡಾಟ್ ಕೇಳಿದಳು.

"ತಲೆ ಕತ್ತರಿಸೋಣ ಅಂತ."

"ಟ್ರೆವರ್‌ಗೆ ಹೇಳಿದ್ದೀಯಾ?"

"ಕೇಳಿದ್ರೆ ಬೇಡ ಅಂತಾನೆ."

"ಹಾಗಾದ್ರೆ ಕೇಳ್ಬೇಡ. ನಾನಂತೂ ಏನೂ ನೋಡ್ಲಿಲ್ಲಮ್ಮ!" ಎಂದ ಡಾಟ್, ಕೆಲಸ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಮುಂದಿನ ಸಾಲನ್ನು ಗ್ಲೆನಿಸ್ ಅರ್ಧಕ್ಕೆ ಕತ್ತರಿಸಿದಳು. ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಆ ಧೈರ್ಯ ಮುಗಿದುಹೋಯಿತು. ಆ ಸಾಲನ್ನು ಹಾಗೇ ಬಿಟ್ಟಳು.

ಕ್ಲಬ್ಬಿನಲ್ಲಿ ಚೆಂಡಾಟ ಮುಗಿಸಿ ಬಂದ ಟ್ರೆವರ್ ಪಾತಿಯ ಮುಂದೆ ನಿಂತ. ಬೋಳಾದ ಕಾಂಡಗಳನ್ನು ನೋಡಿದ. "ಟೀ ಕುಡೀತೀಯಾ?" ಎಂದು ಕೇಳಿ ಒಳಗೆ ಹೋದ. ಆ ಊರಿನ ಗಂಡಸರು ಕೂಗಾಡುವವರಲ್ಲ. ಸಿಟ್ಟು ನೆತ್ತಿಗೇರಿದಾಗ ಕೆಟಲ್ ಹಚ್ಚುತ್ತಾರೆ. ಆ ಜೂನ್ ತಿಂಗಳಿಡೀ ಅವರ ಮನೆಯಲ್ಲಿ ಟೀಗೇನೂ ಬರವಿರಲಿಲ್ಲ. ಎರಡು ಮಾತು ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎಂದು ಗ್ಲೆನಿಸ್ ಅತ್ತಳು. ಈ ಮನೆಯಲ್ಲಿ ತಾನು ಕೊನೆಯವರೆಗೂ ನೆಂಟರಂತೆಯೇ ಇರಬೇಕೇನೋ ಎಂಬ ಭಯ ಅವಳಿಗೆ.

ಜುಲೈನಲ್ಲಿ ಒಂದು ಮಧ್ಯಾಹ್ನ ಗಾಳಿಮಳೆ ಹೊಡೆಯಿತು. ಮುಂದಿನ ಕುಳ್ಳ ಗಿಡಗಳು ನೀರು ಕೊಡವಿಕೊಂಡು ನಿಂತವು. ಹಿಂದುಗಡೆ ತುಂಬಾ ಹೂಬಿಟ್ಟಿದ್ದ ಮೇವಿಸ್‌ಳ ಸಾಲು ಕಡ್ಡಿಗಳ ಸಮೇತ ಮಲಗಿಬಿಟ್ಟಿತು. ಕಿಟಕಿಯಲ್ಲಿ ನಿಂತಿದ್ದ ಗ್ಲೆನಿಸ್‌ಗೆ ನಾನು ಗೆದ್ದೆ ಅನ್ನಿಸಬೇಕಿತ್ತು. ಹಾಗನ್ನಿಸಲಿಲ್ಲ. ಹುರಿಯುಂಡೆ ಹಿಡಿದು ಮಳೆಯಲ್ಲೇ ಹೊರಗೆ ಓಡಿ, ಕೆಸರಿನಲ್ಲಿ ಮಂಡಿಯೂರಿ ಒಂದೊಂದೇ ಕಾಂಡವನ್ನು ಎತ್ತಿ ಕಟ್ಟತೊಡಗಿದಳು.

ಹಿಂದೆಯೇ ಟ್ರೆವರ್ ಕಂಕುಳಲ್ಲಿ ಕಡ್ಡಿಗಳನ್ನು ಇರುಕಿಕೊಂಡು ಬಂದ.

"ಹುಚ್ಚು ಹಿಡಿದಿದ್ಯಾ? ಒಳಗೆ ಹೋಗು."

"ಮಾತು ಆಮೇಲೆ. ಈ ತುದಿ ಹಿಡ್ಕೋ."

ಅವನು ಹಿಡಿದುಕೊಂಡ. ನಾಲ್ಕಾರು ಕಾಂಡ ಕಟ್ಟಿದ ಮೇಲೆ, "ಮೇವಿಸ್ ಕೂಡ ಬೈಕೊಂಡೇ ಕಟ್ಟೋಳು" ಎಂದ.

"ಯಾರನ್ನ?"

"ಮೊದ್ಲು ಗಿಡಗಳ್ನ. ಆಮೇಲೆ ನನ್ನ. ಕತ್ತರಿಸ್ತೀನಿ ಅಂತ ಪ್ರತಿ ವರ್ಷ ಅನ್ನೋಳು, ನಾನೇ ಬಿಡ್ತಿರ್ಲಿಲ್ಲ. ಮೊಗ್ಗು ಹೋಗುತ್ತಲ್ಲಾ ಅಂತ ನಂಗೆ ಸಂಕಟ."

ಗ್ಲೆನಿಸ್‌ಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಸತ್ತವಳ ಹೆಸರು ಹೇಳಿ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಆಗಸ್ಟಿನಲ್ಲಿ ಹಿಂದಿನ ಸಾಲಿನ ಹೂಗಳು ಉದುರಿದವು. ಅವು ಮುಗಿಯುವ ಹೊತ್ತಿಗೆ ಮುಂದಿನ ಸಾಲು ಬಿರಿಯತೊಡಗಿತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಟ್ರೆವರ್ ಒಳ್ಳೆಯ ಅಂಗಿ ತೊಟ್ಟು ಪಾತಿಯ ಹತ್ತಿರ ನಿಂತಿದ್ದ. ಮೇವಿಸ್ ತೀರಿಕೊಂಡ ದಿನ ಅದು.

"ಪ್ರತಿ ವರ್ಷ ಗುಡ್ಡದ ಮೇಲಿನ ಅವಳ ಸಮಾಧಿಗೆ ಪೆಟ್ರೋಲ್ ಬಂಕಿನಲ್ಲಿ ಮಾರೋ ಹೂವೇ ತಗೊಂಡು ಹೋಗ್ತಿದ್ದೆ" ಎಂದ ಅವನು. "ಈ ಹೊತ್ತಿಗೆ ಅವಳ ಹೂವೆಲ್ಲ ಮುಗಿದುಹೋಗಿರ್ತಿತ್ತು."

ಗ್ಲೆನಿಸ್ ಮುಂದಿನ ಸಾಲಿನಿಂದ ಒಂದೊಂದೇ ಹೂವನ್ನು ಕೊಯ್ದು ತೋಳು ತುಂಬಾ ಹಿಡಿದಳು. ಅವನಿಗೆ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ. ಹೋಗಿ ಕಾರಿನ ಬಾಗಿಲು ತೆರೆದು ಹಿಡಿದ. ಅವನ ಪಕ್ಕದ ಸೀಟಿನದು.

"ಕೋಟು ಹಾಕ್ಕೊಂಡು ಬಾ" ಎಂದ. "ಗುಡ್ಡದ ಮೇಲೆ ಗಾಳಿ ಜಾಸ್ತಿ."