ಆಣೆಯಿಡದ ಸಾಕ್ಷಿ

ಮಳೆ ಬರುತ್ತಿದೆಯೇ ಎಂದು ಕೇಳಿದರೂ ಲುಬ್ಬರ್ಟ್ ಕಿಟಕಿಯವರೆಗೆ ನಡೆದು, ಹೊರಗೆ ನೋಡಿ, "ನನ್ನ ಕಣ್ಣಿಗೆ ಕಂಡ ಹಾಗೆ, ಹೌದು" ಎನ್ನುತ್ತಿದ್ದ. ಹಾರ್ಲೆಮ್ ಪಟ್ಟಣದ ಲಿನನ್ ವ್ಯಾಪಾರಿ. ಉಡುಪಿನ ಗುಂಡಿಯೂ ಆಡಂಬರವೆಂದು ಬಗೆದ ಮೆನೊನೈಟ್ ಎಂಬ ಕ್ರೈಸ್ತ ಪಂಥದವನಾದ್ದರಿಂದ ಕಪ್ಪು ಕೋಟನ್ನು ಕೊಕ್ಕೆಗಳಿಂದ ಬಿಗಿಯುತ್ತಿದ್ದ. ನೆರೆಮನೆಯ ನೋಟರಿ ಅರ್ನೌಟ್‌ಗೆ ಮುಪ್ಪಿನಲ್ಲಿ ಗೆಳೆಯನ ನೆನಪಾದಾಗಲೆಲ್ಲ ಮೊದಲು ಕೇಳಿಸುತ್ತಿದ್ದುದು ಆ ಮಾತೇ.

ಬಟ್ಟೆಯ ನೇಯ್ಗೆ ಪರೀಕ್ಷಿಸುವ ಮಸೂರದಿಂದ ತೊಡಗಿ, ತಾನೇ ಉಜ್ಜಿ ನಯಗೊಳಿಸಿದ ಸಾಸಿವೆಗಾತ್ರದ ಮಸೂರದವರೆಗೆ ಹೋದ ಲುಬ್ಬರ್ಟ್, ಒಂದು ದಿನ ಪೀಪಾಯಿಯ ಮಳೆನೀರಿನಲ್ಲಿ ಓಡಾಡುವ ಜೀವಿಗಳನ್ನು ಕಂಡ.

"ಗಿರಾಕಿಗಳು ಲಿನನ್ ಕೇಳಿದ್ರೆ ಇವರು ನೀರು ತೋರಿಸ್ತಾರೆ," ಎಂದು ಹೆಂಡತಿ ಮಾಖ್ಟೆಲ್ಡ್ ಹಂಗಿಸುತ್ತಿದ್ದಳು. "ಇನ್ನು ಹುಳಾನೇ ನೇಯ್ದು ಮಾರ್ಬೇಕು!"

ಲಂಡನ್ನಿನ ವಿದ್ವಾಂಸರಿಗೆ ಬರೆದಾಗ ಉತ್ತರ ಬಂತು: ಲ್ಯಾಟಿನ್ ಬಾರದ ವ್ಯಾಪಾರಿಯ ಮಾತನ್ನು ನಂಬುವುದು ಹೇಗೆ? ನೋಟರಿಯೆದುರು ಆಣೆಯಿಟ್ಟ ಸಾಕ್ಷ್ಯ ಬೇಕು. ಲುಬ್ಬರ್ಟನ ಪಂಥದಲ್ಲಿ ಆಣೆ ನಿಷಿದ್ಧ.

"ಕೈ ಎತ್ತೋದೇನೂ ಬೇಡ ಮಾರಾಯ," ಎಂದ ಅರ್ನೌಟ್. "ಆಣೆ ಇಟ್ಟ ಅಂತ ನಾನೇ ಬರೀತೀನಿ. ಸಮುದ್ರ ದಾಟಿ ಬಂದು ಯಾರು ಕೇಳ್ತಾರೆ?"

"ಮೊದಲನೇ ಸಾಲೇ ಸುಳ್ಳಾದ್ರೆ ಎರಡನೇ ಸಾಲಿನ ಹುಳಾನ ಯಾಕೆ ನಂಬಬೇಕು?"

"ನಾಳೆ ಬೇರೆ ಯಾರೋ ನೋಡಿ, ಆಣೆ ಇಟ್ಟು, ಈ ಶೋಧ ತನ್ನದು ಅಂತಾನಲ್ಲೋ!"

"ನೋಡ್ಲಿ. ಹುಳಕ್ಕೇನಂತೆ?"

ಬದಲಿಗೆ ಅವನು ಬೀದಿಯವರನ್ನೇ ಕರೆದು ತೋರಿಸಿದ. ಮೀನು ಮಾರುವ ನೀಲ್ಟ್ಯೆಗೆ ಹಾವುಮೀನಿನ ಮರಿಗಳು ಕಂಡವು. ಗಡಿಯಾರದ ಕೆಲಸಗಾರನಿಗೆ ತಿರುಗುವ ಹಲ್ಲುಚಕ್ರ. ಪಾದ್ರಿಗೆ ದೇವರ ಕುಸುರಿ. ಅರ್ನೌಟ್‌ಗೆ ಬಹಳ ಹೊತ್ತು ತನ್ನ ರೆಪ್ಪೆಗೂದಲೇ ಕಂಡಿತು. ಕಂಡದ್ದಕ್ಕಿಂತ ಹೆಚ್ಚು ಹೇಳಲು ಲುಬ್ಬರ್ಟ್ ಯಾರನ್ನೂ ಬಿಡಲಿಲ್ಲ. ಅವರವರ ಮಾತನ್ನೇ ಬರೆದುಕೊಂಡ ಅರ್ನೌಟ್, ಕೊನೆಯಲ್ಲಿ "ಆಣೆಯಿಲ್ಲದೆ ನುಡಿದದ್ದು" ಎಂದು ಸೇರಿಸಿ ಮುದ್ರೆಯೊತ್ತಿ ಲಂಡನ್ನಿಗೆ ಕಳಿಸಿದ.

ಅಲ್ಲಿಂದ ಮತ್ತೆ ಸುದ್ದಿಯೇ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಬೇರೊಂದು ಊರಿನವನ ಇಂಥದೇ ಶೋಧ, ಆಣೆಯಿಟ್ಟ ಸಾಕ್ಷಿಗಳೊಡನೆ, ಅಚ್ಚಾಗಿ ಬಂತು. ಕೆಟ್ಟ ಸುದ್ದಿ ತಂದವನ ಮುಖ ಹೊತ್ತು ಅರ್ನೌಟ್ ಅದನ್ನು ಓದಿ ಹೇಳಿದ. ಲುಬ್ಬರ್ಟ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

"ಆ ಸಾಲು ಇನ್ನೊಂದ್ಸಲ ಓದು. ಕಾಲು ಅಂದ್ಯಾ? ಕಾಲಿದೆಯಾ ಅವಕ್ಕೆ? ನನಗೆ ಕಂಡೇ ಇರ್ಲಿಲ್ಲ ನೋಡು!" ಎಂದವನ ಮುಖ ಅರಳಿತ್ತು.

ಮೊದಲು ಕಂಡವನು ತಾನಾಗಬೇಕೆಂಬ ಆಸೆ ನೋಡುವವರೆಲ್ಲರಿಗೂ ಇರುತ್ತದೆ. ತನಗೆ ತಪ್ಪಿಹೋದದ್ದು ಇನ್ನೊಬ್ಬನಿಗೆ ಕಂಡಿತೆಂದು ಹಿಗ್ಗುವವರು ವಿರಳ. ಅಂಥವರ ಹೆಸರು ಅಚ್ಚಿನಲ್ಲಿ ಉಳಿಯುವುದಿಲ್ಲ. ಆದರೆ ಅಂಥವನೊಬ್ಬ ಬಾಳಿದ ಬೀದಿಯಲ್ಲಿ ಜನ ಬಹುಕಾಲ ಸ್ವಲ್ಪ ಯೋಚಿಸಿಯೇ ಮಾತಾಡುತ್ತಾರೆ.